ಮೂರು ಹಳೆಯ ಹಾಡು, ಮೂರು ಹೊಸ ಹಾಡು: ಈ ಲೆಕ್ಕವನ್ನು ಬಿಟ್ಟುಬಿಡಿ

ಪ್ರಶ್ನೆ: ನಾನು ನಮ್ಮ ಕ್ರೈಸ್ತ ಸಭೆಯ ಆರಾಧನಾ ತಂಡವನ್ನು ನಡೆಸುತ್ತೇನೆ. ಹಿರಿಯರಿಗೆ ಗೀತೆ ಪುಸ್ತಕದ ಹಾಡುಗಳು ಬೇಕು. ಯುವಜನರಿಗೆ ಗಿಟಾರ್, ಡ್ರಮ್ಸ್ ಜೊತೆಗಿನ ಈಗಿನ ಆರಾಧನಾ ಗೀತೆಗಳು ಬೇಕು. ಮನಸ್ತಾಪ ಬೇಡವೆಂದು ಸಮಿತಿಯವರು ಪ್ರತಿ ಭಾನುವಾರ ಮೂರು ಹಳೆಯ ಹಾಡು, ಮೂರು ಹೊಸ ಹಾಡು ಎಂದು ನಿಯಮ ಮಾಡಿದರು. ಈಗ ಅರ್ಧ ಹೊತ್ತು ಯುವಕರು ಬಾಯಿ ಮುಚ್ಚಿ ನಿಲ್ಲುತ್ತಾರೆ, ಉಳಿದರ್ಧ ಹಿರಿಯರು ಕುಳಿತುಬಿಡುತ್ತಾರೆ. ಹಳೆಯ ಗೀತೆಗಳಿಗೆ ಡ್ರಮ್ಸ್ ಸೇರಿಸಿದರೆ ಸರಿಹೋದೀತೇ? ಅಥವಾ ಎರಡು ಬೇರೆ ಬೇರೆ ಆರಾಧನೆಗಳನ್ನೇ ನಡೆಸುವುದು ಒಳ್ಳೆಯದೇ?

ಉತ್ತರ: ಮಾನ್ಯರೇ, ಸಮಿತಿಯವರ ಮನಸ್ಸು ಒಳ್ಳೆಯದು. ಯಾರಿಗೂ ನೋವಾಗಬಾರದೆಂದೇ ಅವರು ಆ ನಿಯಮ ಮಾಡಿದ್ದಾರೆ. ಆದರೆ ಹಾಡುಗಳನ್ನು ಅವು ಹುಟ್ಟಿದ ಕಾಲ ನೋಡಿ ಸಮನಾಗಿ ಹಂಚಿದರೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗಾಗುತ್ತದೆ. ತನ್ನ ಪಾಲು ಬಂದಾಗ ಹಾಡುವುದು, ಇನ್ನೊಬ್ಬರ ಪಾಲು ಬಂದಾಗ ಮುಗಿಯಲಿ ಎಂದು ಕಾಯುವುದು. ನಿಮ್ಮಲ್ಲಿ ಈಗ ಆಗುತ್ತಿರುವುದು ಅದೇ. ಡ್ರಮ್ಸ್ ಸೇರಿಸಿದ ಮಾತ್ರಕ್ಕೆ ಇದು ಹೋಗುವುದಿಲ್ಲ, ಸಭೆಯನ್ನು ಎರಡು ಮಾಡುವ ಅಗತ್ಯವೂ ಇಲ್ಲ. ಹಾಡು ಆರಿಸುವಾಗ ಅದು ಯಾವ ವರ್ಷದ್ದು ಎಂದು ನೋಡುವುದನ್ನು ಬಿಟ್ಟು ಎರಡೇ ವಿಷಯ ಕೇಳಿಕೊಳ್ಳಿ: ಆರಾಧನೆಯ ಈ ಘಟ್ಟದಲ್ಲಿ ಈ ಹಾಡಿಗೆ ಏನು ಕೆಲಸವಿದೆ? ನೆರೆದ ಜನ ಇದನ್ನು ಬಾಯಿತುಂಬ ಹಾಡಬಲ್ಲರೇ? ಉತ್ತರದ ಉಳಿದ ಭಾಗವೆಲ್ಲ ಈ ಎರಡು ಪ್ರಶ್ನೆಗಳ ವಿಸ್ತರಣೆ.

ಮೊದಲು ‘ಹಳೆಯದು’, ‘ಹೊಸದು’ ಎಂಬ ಹಣೆಪಟ್ಟಿಗಳನ್ನು ಸಡಿಲಿಸಬೇಕು. 1707ರಲ್ಲಿ ಇಂಗ್ಲಿಷ್ ಗೀತರಚನಕಾರ ಐಸಾಕ್ ವಾಟ್ಸ್ ತಮ್ಮ ಸ್ತುತಿಗೀತೆಗಳ ಸಂಕಲನವನ್ನು ಹೊರತಂದಾಗ ಇಂಗ್ಲೆಂಡಿನ ಬಹುಪಾಲು ಸಭೆಗಳು ಹಾಡುತ್ತಿದ್ದದ್ದು ಛಂದಸ್ಸಿಗೆ ಹೊಂದಿಸಿದ ದಾವೀದನ ಕೀರ್ತನೆಗಳನ್ನು. ಮನುಷ್ಯರು ಕಟ್ಟಿದ ಪದಗಳನ್ನು ದೇವರ ಮುಂದೆ ಹಾಡಬಹುದೇ ಎಂದು ಆಗ ಗಂಭೀರವಾದ ವಾದಗಳೇ ನಡೆದವು. ಇಂದು ಅದೇ ವಾಟ್ಸ್ ನಮಗೆ ಹಳೆಯದರ ಮಾದರಿ. ಇನ್ನೂ ಹಿಂದೆ ಹೋದರೆ, ಸಭಾ ಸುಧಾರಕ ಕಾಲ್ವಿನ್ನರ ಜಿನೀವಾದಲ್ಲಿ 150 ಕೀರ್ತನೆಗಳೂ ರಾಗದೊಂದಿಗೆ ಪೂರ್ಣ ಪುಸ್ತಕವಾಗಿ ಬಂದದ್ದು 1562ರಲ್ಲಿ. ಆರಾಧನೆಯಲ್ಲಿ ಅವನ್ನು ಯಾವ ವಾದ್ಯವೂ ಇಲ್ಲದೆ, ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುತ್ತಿದ್ದರು. ಸಂಪ್ರದಾಯದ ಗುರುತೆಂದು ನಾವು ಕಾಪಾಡಿಕೊಂಡು ಬಂದಿರುವ ಆರ್ಗನ್ನಿಗೆ ಅಲ್ಲಿ ಜಾಗವಿರಲಿಲ್ಲ.

ಇನ್ನೊಂದು ಕಡೆಯನ್ನೂ ನೋಡಿ. ಗಿಟಾರ್ ಹಾಡುಗಳು ದೊಡ್ಡ ಪ್ರಮಾಣದಲ್ಲಿ ಸಭೆಯೊಳಗೆ ಬಂದದ್ದು 1960ರ ದಶಕದ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದ ಯುವಜನರ ನಡುವೆ ಎದ್ದ ‘ಜೀಸಸ್ ಮೂವ್‌ಮೆಂಟ್’ ಮೂಲಕ. ಆ ಹಾಡುಗಳನ್ನು ಹಂಚಲು ಮಾರನಾಥ ಮ್ಯೂಸಿಕ್ ಸಂಸ್ಥೆ ಶುರುವಾದದ್ದು 1971ರಲ್ಲಿ. ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅದೇ ರೀತಿ 2000ದ ಸುಮಾರಿಗೆ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ನಡುವೆಯೇ ಹುಟ್ಟಿದ ‘ಇನ್‌ಡೆಲಿಬಲ್ ಗ್ರೇಸ್’ ಗುಂಪು, ಮರೆತುಹೋಗಿದ್ದ ಹಳೆಯ ಗೀತೆಗಳ ಸಾಹಿತ್ಯಕ್ಕೆ ಹೊಸ ರಾಗ ಕಟ್ಟಿ ಹಾಡತೊಡಗಿತು. ಅವನ್ನು ಬಯಸಿದವರು ಹುಡುಗ ಹುಡುಗಿಯರು. ಆದ್ದರಿಂದ ವಯಸ್ಸು ನೋಡಿ ರುಚಿಯನ್ನು ಊಹಿಸಬೇಡಿ. ನಿಮ್ಮ ಸಭೆಯ ಎಲ್ಲ ವಯಸ್ಸಿನ ಹತ್ತಿಪ್ಪತ್ತು ಜನರನ್ನು ಒಬ್ಬೊಬ್ಬರಾಗಿ ಮಾತನಾಡಿಸಿ, ‘ಕಷ್ಟದಲ್ಲಿದ್ದಾಗ ತಾನಾಗಿ ಬಾಯಿಗೆ ಬರುವ ಹಾಡು ಯಾವುದು’ ಎಂದು ಕೇಳಿ. ಯಾವ ಹಾಡು ಇಷ್ಟ ಎಂದು ಕೇಳಬೇಡಿ. ಮೊದಲ ಪ್ರಶ್ನೆಗೆ ಸಿಗುವ ಉತ್ತರಗಳು ನಿಮ್ಮ ಸಮಿತಿಯ ಊಹೆಯನ್ನು ಬಹಳ ಮಟ್ಟಿಗೆ ತಲೆಕೆಳಗು ಮಾಡುತ್ತವೆ.

ಹಳೆಯದನ್ನೂ ಹೊಸದನ್ನೂ ಕೂಡಿಸುವ ‘ಬೆರೆತ ಆರಾಧನೆ’ ಎಂಬ ಮಾತನ್ನು ಹೆಚ್ಚು ಪ್ರಚಾರಕ್ಕೆ ತಂದವರು ಅಮೆರಿಕದ ದೇವಶಾಸ್ತ್ರಜ್ಞ ರಾಬರ್ಟ್ ವೆಬ್ಬರ್ (1933–2007). ಅವರ ಮಾತನ್ನು ಅರ್ಧ ಕೇಳಿಸಿಕೊಂಡವರೇ ಹೆಚ್ಚು. ಎರಡು ಬಗೆಯ ಸಂಗೀತವನ್ನು ಕಲಸುವುದಷ್ಟೇ ಅವರ ಉದ್ದೇಶವಾಗಿರಲಿಲ್ಲ. ಆರಾಧನೆಗೆ ಒಂದು ತಿರುಳಿದೆ, ಒಂದು ರಚನೆಯಿದೆ, ಒಂದು ಶೈಲಿಯಿದೆ ಎಂದು ಅವರು ಬೇರ್ಪಡಿಸಿ ನೋಡಿದರು. ರಚನೆಗೆ ಅವರು ಆದಿಸಭೆಯ ಕಾಲದ ನಾಲ್ಕು ಹಂತಗಳನ್ನು ಎತ್ತಿಹಿಡಿದರು: ಕೂಡಿಬರುವುದು, ವಾಕ್ಯ ಕೇಳುವುದು, ಕರ್ತನ ಭೋಜನ, ಕಳುಹಿಸುವಿಕೆ. ಶೈಲಿಯ ಪ್ರಶ್ನೆ ಬರುವುದು ಇವೆಲ್ಲದರ ನಂತರ. ನಿಮ್ಮ ಸಮಿತಿ ಕೊನೆಯ ಮೆಟ್ಟಿಲಿನಿಂದ ಹತ್ತಲು ಹೊರಟಿದೆ.

ಮೊದಲ ಮೆಟ್ಟಿಲಿನಿಂದ ಹೊರಟರೆ ಹಾಡುಗಳು ತಾವಾಗಿಯೇ ತಮ್ಮ ಜಾಗ ಹುಡುಕಿಕೊಳ್ಳುತ್ತವೆ. ಕೂಡಿಬರುವಾಗ ನಾವು ಯಾರ ಮುಂದೆ ನಿಂತಿದ್ದೇವೆಂದು ಹೇಳುವ ಹಾಡು ಬೇಕು. ರೆಜಿನಾಲ್ಡ್ ಹೀಬರ್ ತ್ರಯೇಕ ದೇವರ ಭಾನುವಾರಕ್ಕೆಂದು ಬರೆದ ‘ಹೋಲಿ, ಹೋಲಿ, ಹೋಲಿ’ ಆ ಕೆಲಸವನ್ನು ಇಷ್ಟು ವರ್ಷಗಳಿಂದ ಮಾಡುತ್ತಿದೆ. ಅದಕ್ಕೆ 1861ರಲ್ಲಿ ಜಾನ್ ಡೈಕ್ಸ್ ಕಟ್ಟಿದ ರಾಗದ ಹೆಸರೇ ‘ನೈಸಿಯಾ’. ತ್ರಯೇಕತ್ವದ ವಿಷಯವಾಗಿ 325ರಲ್ಲಿ ಮಹಾಸಭೆ ಸೇರಿದ ಊರಿನ ಹೆಸರು ಅದು. ಪಾಪದ ಅರಿಕೆಯ ಹೊತ್ತಿಗೆ ಮಾತು ಕಡಿಮೆಯಿರುವ, ಒಂದೇ ಬೇಡಿಕೆಯನ್ನು ಮತ್ತೆ ಮತ್ತೆ ಹೇಳುವ ಹಾಡು ಬೇಕು. ಇಲ್ಲಿ ಈಗಿನ ಹಾಡುಗಳು, ಫ್ರಾನ್ಸಿನ ತೇಜೆ ಸಮುದಾಯದವರ ಪುಟ್ಟ ಪುಟ್ಟ ಪ್ರಾರ್ಥನಾ ಗೀತೆಗಳು ಬಹಳ ಚೆನ್ನಾಗಿ ಕೂರುತ್ತವೆ. ಆರು ಚರಣದ ಗೀತೆ ಇಲ್ಲಿ ಮನಸ್ಸನ್ನು ಓಡಿಸುತ್ತದೆ. ಪ್ರಸಂಗದ ನಂತರ, ಕೇಳಿದ ವಾಕ್ಯವನ್ನು ಸಭೆ ತನ್ನ ಬಾಯಿಂದ ಹೇಳಬೇಕಾದ ಹೊತ್ತಿಗೆ, ವಿಷಯವನ್ನು ಹೆಜ್ಜೆ ಹೆಜ್ಜೆಯಾಗಿ ಬೆಳೆಸುವ ಗೀತೆ ಒಳ್ಳೆಯದು. ಭೋಜನದ ಸಮಯದಲ್ಲಿ ಜನ ಎದ್ದು ಬರುತ್ತಾರೆ, ಕೈಯಲ್ಲಿ ಪುಸ್ತಕವಿರುವುದಿಲ್ಲ, ಕಣ್ಣು ಪರದೆಯ ಮೇಲಿರುವುದಿಲ್ಲ. ಬಾಯಿಪಾಠವಾಗಿರುವ ಪಲ್ಲವಿಯೇ ಅಲ್ಲಿ ಬೇಕು, ಅದು ಯಾವ ಕಾಲದ್ದಾದರೂ ಸರಿ.

ಹೀಗೆ ಆರಿಸಿದಾಗ ಒಂದು ವಾರ ನಾಲ್ಕು ಹಳೆಯ ಗೀತೆ, ಒಂದು ಹೊಸದು ಬರಬಹುದು. ಮುಂದಿನ ವಾರ ಅದು ತಿರುವುಮುರುವಾಗಬಹುದು. ಯಾರಾದರೂ ಲೆಕ್ಕ ಕೇಳಿದರೆ ‘ಈ ಹಾಡು ಇಲ್ಲಿ ಯಾಕಿದೆ’ ಎಂದು ನೀವು ಒಂದೇ ವಾಕ್ಯದಲ್ಲಿ ಹೇಳುವಂತಿರಬೇಕು. ಹೇಳಲಾಗದ ಹಾಡನ್ನು ತೆಗೆದುಬಿಡಿ.

ಕೆಲಸ ನೋಡಿ ಆರಿಸಲು ಎರಡೂ ಬಗೆಯ ಹಾಡುಗಳ ಒಳರಚನೆ ಗೊತ್ತಿರಬೇಕು. ಇಲ್ಲಿ ಆರಾಧನಾ ತಂಡಗಳು ಎಡವುವುದು ಜಾಸ್ತಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಾಂಪ್ರದಾಯಿಕ ಗೀತೆ ಚರಣದಿಂದ ಚರಣಕ್ಕೆ ನಡೆಯುತ್ತದೆ. ರಾಗ ಅದೇ, ಮಾತು ಮುಂದೆ ಹೋಗುತ್ತದೆ. ಕೊನೆಯ ಚರಣ ಬಹಳ ಸಲ ಮರಣ, ಪುನರುತ್ಥಾನ, ನಿತ್ಯಜೀವದ ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆ. ಸಮಯವಿಲ್ಲವೆಂದು ‘ಒಂದು ಮತ್ತು ಎರಡನೆಯ ಚರಣ ಮಾತ್ರ’ ಎಂದರೆ ದಾರಿಯ ಮಧ್ಯದಲ್ಲಿ ಜನರನ್ನು ಇಳಿಸಿದಂತಾಗುತ್ತದೆ. ಮಾರ್ಟಿನ್ ಲೂಥರರ ‘ನಮ್ಮ ದೇವರು ಬಲವಾದ ಕೋಟೆ’ ಎಂಬ ಗೀತೆಯನ್ನೇ ನೋಡಿ. ಮೊದಲ ಚರಣ ದೇವರಿಂದ ಶುರುವಾಗಿ ಶತ್ರುವಾದ ಸೈತಾನನ ಕಡೆಗೆ ತಿರುಗುತ್ತದೆ, ಭೂಮಿಯ ಮೇಲೆ ಅವನಿಗೆ ಸಮಾನರಿಲ್ಲ ಎಂಬ ಮಾತಿನಲ್ಲಿ ಮುಗಿಯುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಸಭೆ ಹೇಳಿದ ಕೊನೆಯ ಮಾತು ಸೈತಾನನ ಬಲದ ಬಗ್ಗೆ! ನಮಗಾಗಿ ಹೋರಾಡುವವನು ಕ್ರಿಸ್ತ ಯೇಸು ಎಂದು ಬರುವುದು ಎರಡನೆಯ ಚರಣದಲ್ಲಿ. ಗೀತೆಯನ್ನು ಮೊಟಕು ಮಾಡಲೇಬೇಕಾದರೆ ಮೊದಲು ಪೂರ್ತಿ ಓದಿ, ವಾದದ ಕೊಂಡಿ ಎಲ್ಲಿ ಕಳಚುವುದಿಲ್ಲವೋ ಅಲ್ಲಿ ಮಾತ್ರ ಕತ್ತರಿಸಿ. ನನ್ನ ಮಟ್ಟಿಗೆ ಹೇಳುವುದಾದರೆ, ಇನ್ನೊಂದು ಹಾಡನ್ನೇ ಬಿಟ್ಟು ಇದನ್ನು ಪೂರ್ತಿ ಹಾಡಿಸುತ್ತೇನೆ.

ಈಗಿನ ಆರಾಧನಾ ಗೀತೆ ಸುತ್ತಿ ಸುತ್ತಿ ಒಳಗಿಳಿಯುತ್ತದೆ. ಚರಣ, ಪಲ್ಲವಿ, ಮತ್ತೆ ಚರಣ, ಪಲ್ಲವಿ, ಆಮೇಲೆ ಬ್ರಿಡ್ಜ್ (ಬೇರೆ ಧಾಟಿಯ ನಡುಭಾಗ), ಮತ್ತೆ ಪಲ್ಲವಿ. ಒಂದೇ ಸತ್ಯದ ಮುಂದೆ ಹೆಚ್ಚು ಹೊತ್ತು ನಿಲ್ಲಿಸುವುದು ಅದರ ಗುಣ. ‘ಹೇಳಿದ್ದನ್ನೇ ಎಷ್ಟು ಸಲ ಹೇಳುವುದು’ ಎಂದು ಬೇಸರಪಡುವ ಹಿರಿಯರಿಗೆ 136ನೆಯ ಕೀರ್ತನೆಯನ್ನು ಪ್ರೀತಿಯಿಂದ ತೆರೆದು ತೋರಿಸಿ. ಅದರ 26 ವಚನಗಳಲ್ಲಿ ಪ್ರತಿಯೊಂದರ ಕೊನೆಗೂ ದೇವರ ಕೃಪೆ ಶಾಶ್ವತವೆಂಬ ಅದೇ ಮಾತು ಬರುತ್ತದೆ. ಆದರೆ ಆ ಕೀರ್ತನೆಯಲ್ಲಿ ಒಂದು ಪಾಠವೂ ಇದೆ: ಪಲ್ಲವಿ ಬದಲಾಗದಿದ್ದರೂ ಅದರ ಹಿಂದಿನ ಸಾಲು ಪ್ರತಿ ಸಲ ಬದಲಾಗುತ್ತದೆ. ಸೃಷ್ಟಿ, ಐಗುಪ್ತದಿಂದ ಬಿಡುಗಡೆ, ಅರಣ್ಯದ ದಾರಿ, ವಾಗ್ದಾನದ ದೇಶ, ಎಲ್ಲ ಬರುತ್ತವೆ. ಒಂದು ಬ್ರಿಡ್ಜನ್ನು ಹತ್ತು ಸಲ ತಿರುಗಿಸುವ ತಂಡ ನಡುವೆ ಒಂದು ವಚನ ಓದಿದರೆ, ಒಂದು ಪ್ರಾರ್ಥನೆ ಸೇರಿಸಿದರೆ, ಆ ಮರುಕಳಿಕೆಗೆ ಅನ್ನ ಸಿಕ್ಕಂತೆ.

ವಿಷಯದ ಕೊರತೆ ಎರಡೂ ಕಡೆ ಇದೆ. ಕೀರ್ತನೆಗಳ ಪುಸ್ತಕದಲ್ಲಿ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ದುಃಖ, ಮೊರೆ, ‘ಎಲ್ಲಿಯವರೆಗೆ ಕರ್ತನೇ’ ಎಂಬ ಕೂಗು. ಈಗಿನ ಜನಪ್ರಿಯ ಆರಾಧನಾ ಗೀತೆಗಳಲ್ಲಿ ಅಂಥವು ಹುಡುಕಿದರೂ ಸಿಗುವುದು ಅಪರೂಪ. ಮಗುವನ್ನು ಕಳೆದುಕೊಂಡ ತಾಯಿ ಭಾನುವಾರ ಬಂದು ಕುಳಿತರೆ ಅವಳ ಬಾಯಿಗೆ ನಾವು ಏನು ಕೊಡುತ್ತೇವೆ ಎಂಬ ಪ್ರಶ್ನೆ ಆರಾಧನಾ ನಾಯಕನನ್ನು ಕಾಡಲೇಬೇಕು. ಹಳೆಯ ಪುಸ್ತಕಗಳಿಗೂ ತಮ್ಮ ಕುಂದುಗಳಿವೆ. ಹತ್ತೊಂಬತ್ತನೆಯ ಶತಮಾನದ ಕೆಲವು ಗೀತೆಗಳಲ್ಲಿ ಯುದ್ಧದ, ಸಾಮ್ರಾಜ್ಯದ ಭಾಷೆ ಅತಿಯಾಗಿದೆ. ಇನ್ನು ಕೆಲವು ಬರೀ ಭಾವುಕತೆ. ಹಳೆಯದೆಂಬ ಕಾರಣಕ್ಕೆ ಅವನ್ನು ಉಳಿಸಿಕೊಳ್ಳಬೇಕಾಗಿಲ್ಲ.

ಈಗ ಎರಡನೆಯ ಪ್ರಶ್ನೆ, ಜನ ಹಾಡಬಲ್ಲರೇ ಎಂಬುದು. ಯುವಕರು ಬಾಯಿ ಮುಚ್ಚಿ ನಿಲ್ಲುವುದಕ್ಕೂ ಹಿರಿಯರು ಕುಳಿತುಬಿಡುವುದಕ್ಕೂ ನೀವು ರುಚಿಯನ್ನು ಕಾರಣವೆಂದುಕೊಂಡಿದ್ದೀರಿ. ಅರ್ಧದಷ್ಟು ಸಲವಾದರೂ ಕಾರಣ ಸ್ಕೇಲ್, ಅಂದರೆ ಹಾಡನ್ನು ಎತ್ತಿಕೊಂಡ ಶ್ರುತಿಯ ಎತ್ತರ, ಆಗಿರುತ್ತದೆ ಎಂಬುದು ನನ್ನ ಅನುಭವ.

ಸಂಗೀತ ಕಲಿಯದ ಸಾಮಾನ್ಯ ಜನರ ದನಿ ಸುಲಭವಾಗಿ ಓಡಾಡುವುದು ಮಧ್ಯದ ಸಿ ಸ್ವರಕ್ಕಿಂತ ಸ್ವಲ್ಪ ಕೆಳಗಿನ ಬಿ ಫ್ಲಾಟ್‌ನಿಂದ ಮೇಲಿನ ಡಿ ವರೆಗೆ. ಗಂಡಸರು ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಮೇಲಿನ ಇ ಫ್ಲಾಟ್ ಒಂದೆರಡು ಸಲ ಬಂದು ಹೋದರೆ ಸಹಿಸಬಹುದು, ಅಲ್ಲೇ ನಿಲ್ಲಬೇಕಾದರೆ ಜನ ಹಾಡುವುದನ್ನು ಬಿಡುತ್ತಾರೆ. ಈಗಿನ ಹಾಡುಗಳ ರೆಕಾರ್ಡಿಂಗ್‌ನಲ್ಲಿ ಹಾಡುವವರು ಬಹಳ ಸಲ ಎತ್ತರದ ಟೆನರ್ ದನಿಯ ಗಂಡಸರು. ಮೊದಲ ಚರಣವನ್ನು ತೀರಾ ಕೆಳಗೆ ಗುನುಗಿ, ಪಲ್ಲವಿಗೋ ಬ್ರಿಡ್ಜಿಗೋ ಬರುವಾಗ ಒಂದು ಸ್ಥಾಯಿ ಮೇಲಕ್ಕೆ ಹಾರುತ್ತಾರೆ. ಕೇಳಲು ರೋಮಾಂಚನವಾಗುತ್ತದೆ. ಆದರೆ ಅದೇ ಸ್ಕೇಲಿನಲ್ಲಿ ಹಾಡಲು ಹೋದ ಸಭೆ ಮೊದಲು ಗೊಣಗುತ್ತದೆ, ಆಮೇಲೆ ಕಿರುಚುತ್ತದೆ, ಕೊನೆಗೆ ವೇದಿಕೆಯನ್ನು ನೋಡುತ್ತಾ ನಿಲ್ಲುತ್ತದೆ. ರೆಕಾರ್ಡಿಂಗಿನ ಸ್ಕೇಲನ್ನು ಎರಡು ಮೂರು ಅರ್ಧಸ್ವರ ಇಳಿಸಿ, ಸ್ಥಾಯಿ ಹಾರುವುದನ್ನು ಬಿಟ್ಟುಬಿಡಿ. ಶ್ರುತಿ ಬದಲಾಯಿಸಲು ಗಿಟಾರ್ ಬಾರಿಸುವವರಿಗೆ ತಂತಿಗಳ ಮೇಲೆ ಬಿಗಿಯುವ ಕ್ಯಾಪೊ ಇದೆ, ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದೆ. ನೆಪ ಹೇಳಲು ಕಾರಣವಿಲ್ಲ.

ಹಳೆಯ ಗೀತೆಗಳಿಗೂ ಇದೇ ಪರೀಕ್ಷೆ. ಹಳೆಯ ಪುಸ್ತಕಗಳು ಗೀತೆಗಳನ್ನು ನಾಲ್ಕು ಭಾಗಗಳ ಕ್ವಾಯರ್ (ಗಾಯಕವೃಂದ) ಹಾಡಲೆಂದು ಎತ್ತರದಲ್ಲಿ ಇಟ್ಟಿರುತ್ತವೆ. ನೈಸಿಯಾ ರಾಗ ಆಧಾರ ಸ್ವರದಿಂದ ಅದರ ಮೇಲಿನ ಸ್ಥಾಯಿಯವರೆಗೆ ಹೋಗುತ್ತದೆ. ಇ ಸ್ಕೇಲಿನಲ್ಲಿ ಹಾಡಿದರೆ ತುದಿಯ ಸ್ವರ ಇ ಆಗುತ್ತದೆ, ಡಿ ಸ್ಕೇಲಿಗೆ ಇಳಿಸಿದರೆ ಡಿ. ಒಂದೇ ಒಂದು ಸ್ವರ ಇಳಿಸಿದ್ದಕ್ಕೆ ಹಿಂದಿನ ಸಾಲಿನವರೂ ಹಾಡತೊಡಗುವುದನ್ನು ನೀವೇ ನೋಡುತ್ತೀರಿ. ಸಭೆಯಲ್ಲಿ ರಾಗದ ಜೊತೆಗಿನ ಆಲ್ಟೊ, ಟೆನರ್, ಬೇಸ್ ಭಾಗಗಳನ್ನು ಹಾಡಬಲ್ಲವರಿದ್ದರೆ ಅವರಿಗೆ ಸ್ವರಲಿಪಿ ಇರುವ ಪುಸ್ತಕ ಕೊಡುವುದನ್ನು ಮರೆಯಬೇಡಿ. ಪರದೆ ಬಂದಮೇಲೆ ಆ ಕಲೆ ಸದ್ದಿಲ್ಲದೆ ಸಾಯುತ್ತಿದೆ.

ಹಳೆಯ ಗೀತೆಗೆ ಬ್ಯಾಂಡ್ ಕೂಡಿಸುವುದು ಹೇಗೆ? ನಾಲ್ಕು ಭಾಗಗಳ ಗೀತೆಯಲ್ಲಿ ಹೆಚ್ಚುಕಡಿಮೆ ಪ್ರತಿ ಮಾತ್ರೆಗೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುತ್ತದೆ. ಆರ್ಗನ್ನಿಗೆ ಅದು ಸಹಜ, ಗಿಟಾರಿಗೆ ಅದು ಓಟದ ಸ್ಪರ್ಧೆ. ಎಲ್ಲ ಕಾರ್ಡುಗಳನ್ನೂ ಗಿಟಾರಿನಲ್ಲಿ ಬಾರಿಸಲು ಹೋದರೆ ಹಾಡು ಕುಂಟುತ್ತದೆ. ಎಲ್ಲವನ್ನೂ ತೆಗೆದು ಮೂರೇ ಕಾರ್ಡಿಗೆ ಇಳಿಸಿದರೆ ಹಿರಿಯರ ಕಿವಿಗೆ ಅದು ತಮ್ಮ ಹಾಡೆನ್ನಿಸುವುದಿಲ್ಲ. ನಡುದಾರಿ ಹೀಗೆ: ಪುಸ್ತಕದ ಬೇಸ್ ಸಾಲನ್ನು ಬೇಸ್ ಗಿಟಾರಿಗೆ ಹಾಗೇ ಕೊಡಿ. ಗಿಟಾರ್ ಎರಡು ಮಾತ್ರೆಗೊಂದು ಕಾರ್ಡ್ ಹಿಡಿಯಲಿ. ಪ್ರತಿ ಸಾಲು ಮುಗಿಯುವಲ್ಲಿ ಬರುವ ಕಾರ್ಡುಗಳನ್ನು ಮಾತ್ರ ಪುಸ್ತಕದಲ್ಲಿದ್ದಂತೆಯೇ ಉಳಿಸಿಕೊಳ್ಳಿ, ಕಿವಿ ಗುರುತು ಹಿಡಿಯುವುದು ಅಲ್ಲಿ. ಆರ್ಗನ್ ಅಥವಾ ಪಿಯಾನೊ ಜೊತೆಗಿದ್ದರೆ ಎಡಗೈಯ ಕೆಳಸ್ವರಗಳನ್ನು ಅವರು ಬಿಟ್ಟುಕೊಡಲಿ. ಒಂದೇ ಜಾಗದಲ್ಲಿ ಎರಡು ವಾದ್ಯ ಗುಡುಗಿದರೆ ಸದ್ದೆಲ್ಲ ಕೆಸರಾಗುತ್ತದೆ.

ತಂಡಗಳು ಗಮನಿಸದೆ ಹಾಳುಮಾಡುವ ಇನ್ನೊಂದು ಸಂಗತಿ ಉಸಿರು. ಆರ್ಗನಿಸ್ಟರು ಸಾಲಿನ ಕೊನೆಗೆ, ಚರಣದ ಕೊನೆಗೆ ಸಭೆ ಉಸಿರೆಳೆದುಕೊಳ್ಳಲೆಂದು ಕ್ಷಣ ತಡೆಯುತ್ತಾರೆ. ಹಿರಿಯರ ದೇಹದಲ್ಲಿ ಆ ತಡೆ ಅಚ್ಚೊತ್ತಿದೆ. ಕಿವಿಯಲ್ಲಿ ಕ್ಲಿಕ್ (ತಾಳ ತಪ್ಪದಂತೆ ಬಡಿಯುವ ಸದ್ದು) ಹಾಕಿಕೊಂಡ ಬ್ಯಾಂಡ್ ಆ ಉಸಿರನ್ನು ನುಂಗಿಬಿಡುತ್ತದೆ, ಇಲ್ಲವೇ ಚರಣಗಳ ನಡುವೆ ನಾಲ್ಕು ಸುತ್ತು ವಾದ್ಯ ನುಡಿಸಿ ಎಲ್ಲಿ ಶುರುಮಾಡಬೇಕೆಂದು ತಿಳಿಯದಂತೆ ಮಾಡುತ್ತದೆ. ಯಾರೋ ಹಿರಿಯರು ಗಟ್ಟಿಯಾಗಿ ಮೊದಲೇ ಶುರುಮಾಡಿ ನಾಚಿಕೊಂಡು ನಿಲ್ಲಿಸುತ್ತಾರೆ. ಮುಂದಿನ ವಾರ ಅವರು ಹಾಡುವುದಿಲ್ಲ. ಎಲ್ಲಿ ಎಷ್ಟು ಮಾತ್ರೆ ಉಸಿರು, ಚರಣಗಳ ನಡುವೆ ಎಷ್ಟು ಅಂತರ ಎಂದು ಬರೆದಿಟ್ಟುಕೊಂಡು ಪ್ರತಿ ಸಲ ಅದನ್ನೇ ಮಾಡಿ. ನಿಧಾನ ಎಳೆಯುವುದೇ ಭಕ್ತಿ ಎಂದುಕೊಂಡವರಿಗೂ ಒಂದು ಮಾತು: 1761ರಲ್ಲಿ ಮೆಥಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ ಹಾಡುಗಾರಿಕೆಗೆ ಬರೆದ ಸೂಚನೆಗಳಲ್ಲಿ ತೀರಾ ನಿಧಾನವಾಗಿ ಹಾಡಬೇಡಿ, ಆ ಎಳೆದಾಟ ಸೋಮಾರಿಗಳಿಗೆ ತಾನಾಗಿ ಅಂಟಿಕೊಳ್ಳುತ್ತದೆ ಎಂದು ನೇರವಾಗಿಯೇ ಎಚ್ಚರಿಸಿದ್ದಾರೆ.

ಡ್ರಮ್ಸ್ ಬಗ್ಗೆ ನೀವು ಕೇಳಿದ್ದಿರಿ. ಲಯ ಬದಲಾಯಿಸುವುದು ಅಪಚಾರವೇನಲ್ಲ. ಲೂಥರರ ಆ ಕೋಟೆಯ ಗೀತೆ ಮೊದಲು ಹಾಡಲ್ಪಟ್ಟದ್ದು ಏರುಪೇರಿನ, ಚುರುಕಾದ ಲಯದಲ್ಲಿ. ನಾವು ಮೂಲವೆಂದುಕೊಂಡಿರುವ ಗಂಭೀರವಾದ ಸಮಲಯದ ರೂಪ ನಂತರದ ಕಾಲದ್ದು. 1601ರಲ್ಲಿ ಜರ್ಮನ್ ಸಂಗೀತಗಾರ ಹ್ಯಾಸ್ಲರ್ ಕಟ್ಟಿದ ಒಂದು ಪ್ರೇಮಗೀತೆಯ ಧಾಟಿ ಮುಂದೆ ಶಿಲುಬೆಯ ಧ್ಯಾನದ ಗೀತೆಯ ರಾಗವಾಗಿ, ಬಾಖ್ ಯೇಸುವಿನ ಶ್ರಮೆಯನ್ನು ಹಾಡುವ 1727ರ ‘ಮತ್ತಾಯನ ಪ್ಯಾಶನ್’ ಕೃತಿಯಲ್ಲಿ ಅದನ್ನು ಮತ್ತೆ ಮತ್ತೆ ತಂದಾಗ ಅದರ ಮೂಲ ಲಯದ ಕುಣಿತ ಹೋಗಿ ಪ್ರಾರ್ಥನೆಯ ನಡಿಗೆ ಬಂದಿತ್ತು. ಆದ್ದರಿಂದ ಕೇಳಬೇಕಾದ್ದು ಇಷ್ಟು: ಈ ಮಾತುಗಳಿಗೆ ಈ ಲಯ ಒಪ್ಪುತ್ತದೆಯೇ? ಮೂರು ಮಾತ್ರೆಯ ಗೀತೆಗಳಿಗೆ ತೂಗುವ ಆರು ಮಾತ್ರೆಯ ನಡೆ ಚೆನ್ನಾಗಿ ಹೊಂದುತ್ತದೆ. ಅವನ್ನೇ ಎಳೆದು ನಾಲ್ಕು ಮಾತ್ರೆಗೆ ಕೂರಿಸಿದರೆ ಪದಗಳ ಒತ್ತು ತಪ್ಪಿ ನೆನಪು ಮುರಿಯುತ್ತದೆ. ಮೊದಲ ಚರಣಕ್ಕೆ ಡ್ರಮ್ಸ್ ಬೇಡ. ಎರಡು ಮೂರನೆಯ ಚರಣಗಳಲ್ಲಿ ಬ್ರಷ್ ಅಥವಾ ಮೆತ್ತನೆಯ ಕೋಲು ಸಾಕು. ಎಲ್ಲ ಗೀತೆಗೂ ಒಂದೇ ರಾಕ್ ಬೀಟ್ ಹಾಕಿದರೆ ಹಳೆಯದು ಹೊಸದಾಗುವುದಿಲ್ಲ, ಎಲ್ಲ ಹಾಡೂ ಒಂದೇ ಹಾಡಾಗುತ್ತದೆ.

ಅನುವಾದವಾದ ಹಾಡುಗಳಲ್ಲಿ ಈ ಎಚ್ಚರ ಇಮ್ಮಡಿಯಿರಲಿ. ರಾಗದ ಒತ್ತು ಬೀಳುವ ಕಡೆ ಪದದ ಹ್ರಸ್ವಾಕ್ಷರ ಬಂದು, ದೀರ್ಘಾಕ್ಷರ ಕ್ಷಣದಲ್ಲಿ ಹಾರಿಹೋದರೆ ಹಾಡುವವರಿಗೆ ತಮ್ಮ ಮಾತೇ ಅಪರಿಚಿತವಾಗುತ್ತದೆ. ಅಭ್ಯಾಸಕ್ಕೆ ಮುನ್ನ ಸಾಹಿತ್ಯವನ್ನು ತಾಳ ಹಾಕುತ್ತಾ ಒಮ್ಮೆ ಓದಿ ನೋಡಿ. ಎಡವುವ ಸಾಲನ್ನು ತಿದ್ದಲು ಭಾಷೆ ಬಲ್ಲವರನ್ನು ಕರೆಯಿರಿ.

ಹಳೆಯ ಮಾತು ಮತ್ತು ಹೊಸ ರಾಗ ಸೇರುವುದೂ ಹೊಸದೇನಲ್ಲ. ‘ಅಮೇಜಿಂಗ್ ಗ್ರೇಸ್’ ಗೀತೆಯ ಸಾಹಿತ್ಯವನ್ನು ಜಾನ್ ನ್ಯೂಟನ್ 1779ರ ಓಲ್ನಿ ಗೀತೆಗಳ ಪುಸ್ತಕದಲ್ಲಿ ರಾಗವಿಲ್ಲದೆಯೇ ಅಚ್ಚು ಹಾಕಿಸಿದ್ದರು. ಇಂದು ಜಗತ್ತಿಗೆಲ್ಲ ಗೊತ್ತಿರುವ ರಾಗವನ್ನು ವಿಲಿಯಂ ವಾಕರ್ ಅದಕ್ಕೆ ಜೋಡಿಸಿದ್ದು 1835ರಲ್ಲಿ. ಸಾಲಿಗೆ 8, 6, 8, 6 ಅಕ್ಷರಗಳ ಆ ಛಂದಸ್ಸಿಗೆ ಹೊಂದುವ ರಾಗಗಳು ಹತ್ತಾರಿವೆ. ಗೀತೆ ಪುಸ್ತಕದ ಕೊನೆಯಲ್ಲಿ ಛಂದಸ್ಸಿನ ಪಟ್ಟಿ ಕೊಟ್ಟಿರುವುದೇ ರಾಗಗಳನ್ನು ಅದಲುಬದಲು ಮಾಡಿಕೊಳ್ಳಲೆಂದು. 2006ರಲ್ಲಿ ಅಮೆರಿಕದ ಗಾಯಕ ಕ್ರಿಸ್ ಟಾಮ್ಲಿನ್ ಆ ಗೀತೆಗೆ ಹೊಸ ಪಲ್ಲವಿ ಸೇರಿಸಿದರು. ಇಂಥ ಪಲ್ಲವಿಗಳನ್ನು ನಾನು ಎರಡು ಷರತ್ತಿನ ಮೇಲೆ ಒಪ್ಪುತ್ತೇನೆ. ಚರಣಗಳು ಹೇಳುತ್ತಿರುವುದನ್ನೇ ಪಲ್ಲವಿ ಮುಂದಕ್ಕೆ ಒಯ್ಯಬೇಕು, ಪಲ್ಲವಿಗೆ ಜಾಗ ಮಾಡಲೆಂದು ಚರಣಗಳನ್ನು ಕಿತ್ತುಹಾಕಬಾರದು. ಪ್ರತಿ ಚರಣದ ನಂತರವೂ ಪಲ್ಲವಿ ಬೇಕಾಗಿಲ್ಲ, ಎರಡು ಚರಣಕ್ಕೊಮ್ಮೆ ಸಾಕು. ಹಾಗೆಯೇ, 2001ರಲ್ಲಿ ಸ್ಟುವರ್ಟ್ ಟೌನೆಂಡ್ ಮತ್ತು ಕೀತ್ ಗೆಟ್ಟಿ ಬರೆದ ‘ಇನ್ ಕ್ರೈಸ್ಟ್ ಅಲೋನ್’ ಹೊಸ ಹಾಡಾದರೂ ಹಳೆಯ ಗೀತೆಯ ಮೈಕಟ್ಟಿನದು. ಪಲ್ಲವಿಯಿಲ್ಲದ ನಾಲ್ಕು ಚರಣಗಳಲ್ಲಿ ಕ್ರಿಸ್ತನ ಅವತಾರ, ಶಿಲುಬೆ, ಪುನರುತ್ಥಾನ, ವಿಶ್ವಾಸಿಯ ಭರವಸೆ ಬರುತ್ತವೆ. ಎರಡು ಗುಂಪುಗಳೂ ‘ಇದು ನಮ್ಮದು’ ಎನ್ನುವ ಇಂಥ ಹಾಡುಗಳಿಂದ ನಿಮ್ಮ ಕೆಲಸ ಶುರುಮಾಡುವುದು ಜಾಣತನ.

ಒಂದು ಗೀತೆಯಿಂದ ಇನ್ನೊಂದಕ್ಕೆ ಹೋಗುವ ಜಾಗದಲ್ಲಿ ಬೆರೆಸುವಿಕೆಯ ನಿಜವಾದ ಕೌಶಲವಿದೆ. ಡಿ ಸ್ಕೇಲಿನಲ್ಲಿ ಗೀತೆಯ ಕೊನೆಯ ಚರಣ ಮುಗಿಯುತ್ತಿದ್ದಂತೆ, ಅದೇ ಸ್ಕೇಲ್, ಅದೇ ವೇಗದಲ್ಲಿರುವ ಈಗಿನ ಹಾಡೊಂದರ ಪಲ್ಲವಿಯನ್ನು ಕೀಬೋರ್ಡ್ ಎತ್ತಿಕೊಳ್ಳಲಿ. ಎರಡು ಸಲ ಹಾಡಿ ಮತ್ತೆ ಗೀತೆಯ ಒಂದು ಚರಣಕ್ಕೆ ಹಿಂದಿರುಗಿ. ಡಿ ಇಂದ ಜಿ ಸ್ಕೇಲಿಗೆ ಹೋಗುವುದೂ ಸುಲಭ, ಡಿ ಕಾರ್ಡೇ ಜಿ ಕಡೆಗೆ ಕೈಹಿಡಿದು ಕರೆದೊಯ್ಯುತ್ತದೆ. ಆದರೆ ಮೂರು ಮಾತ್ರೆಯಿಂದ ನಾಲ್ಕು ಮಾತ್ರೆಗೆ, ಅಥವಾ ದೂರದ ಸ್ಕೇಲಿಗೆ ಹೋಗಬೇಕಾದಾಗ ವಾದ್ಯಗಳಲ್ಲಿ ಸರ್ಕಸ್ ಮಾಡಬೇಡಿ. ನಿಲ್ಲಿಸಿ, ಒಬ್ಬರು ವಚನ ಓದಲಿ, ಆಮೇಲೆ ಹೊಸದಾಗಿ ಶುರುಮಾಡಿ. ಮೌನವೂ ಆರಾಧನೆಯ ಭಾಗವೇ.

ಮೈಕ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪಕ್ಕದಲ್ಲಿ ನಿಂತವರ ದನಿ ಕೇಳದಿದ್ದರೆ ಸದ್ದು ಹೆಚ್ಚಾಯಿತು ಎಂದರ್ಥ. ಪ್ರತಿ ಭಾನುವಾರ ಒಂದು ಚರಣವನ್ನಾದರೂ ಎಲ್ಲ ವಾದ್ಯ ನಿಲ್ಲಿಸಿ, ನಾಯಕರು ಮೈಕಿನಿಂದ ಹಿಂದೆ ಸರಿದು, ಸಭೆಯೊಂದೇ ಹಾಡಲಿ. ಹಳೆಯ ಗೀತೆಗೂ ಹೊಸ ಹಾಡಿಗೂ ಇದನ್ನು ಮಾಡಿ. ತಮ್ಮ ದನಿ ತಮಗೆ ಕೇಳಿಸಿದ ಜನ ಮುಂದಿನ ಚರಣಕ್ಕೆ ಇನ್ನೂ ಗಟ್ಟಿಯಾಗಿ ಬರುತ್ತಾರೆ.

ಕಲಿಸದೆ ಹಾಡಿಸಬೇಡಿ. ಹೊಸ ಹಾಡನ್ನು ಹಿರಿಯರಿಗೆ ಕಲಿಸಬೇಕೆಂದು ಎಲ್ಲರಿಗೂ ಗೊತ್ತು. ಹತ್ತೊಂಬತ್ತರ ಹುಡುಗನಿಗೆ 1861ರ ರಾಗವೂ ಹೊಸ ಹಾಡೇ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಅವನು ಬಾಯಿ ಮುಚ್ಚಿ ನಿಲ್ಲುವುದು ತಿರಸ್ಕಾರದಿಂದಲ್ಲ, ರಾಗ ಗೊತ್ತಿಲ್ಲದೆ. ಆರಾಧನೆಗೆ ಹತ್ತು ನಿಮಿಷ ಮೊದಲು ಬರೀ ಧಾಟಿಯನ್ನು ಪಿಯಾನೊದಲ್ಲಿ ನುಡಿಸಿ, ಒಂದು ಸಾಲು ನೀವು, ಒಂದು ಸಾಲು ಅವರು. ಗೀತೆ ಬರೆದವರ ಕಥೆಯನ್ನು ಮೂರು ವಾಕ್ಯದಲ್ಲಿ ಹೇಳಿ. ತಿಂಗಳಿಗೆ ಒಂದು ಹೊಸ ಹಾಡು, ಒಂದು ಮರೆತ ಗೀತೆ, ಅದಕ್ಕಿಂತ ಹೆಚ್ಚು ಬೇಡ. ಕಲಿಸಿದ್ದನ್ನು ಮೂರು ನಾಲ್ಕು ವಾರ ಬಿಡದೆ ಹಾಡಿ ನಂತರ ವಿಶ್ರಾಂತಿ ಕೊಡಿ. ಐವತ್ತು ಅರವತ್ತು ಹಾಡು ಸಭೆಗೆ ಬಾಯಿಪಾಠವಾದರೆ ಅದೇ ದೊಡ್ಡ ಸಂಪತ್ತು. ಹಿರಿಯರೊಬ್ಬರು ಯುವಕರ ಅಭ್ಯಾಸಕ್ಕೆ ಬಂದು ತಮ್ಮ ಗೀತೆಯೊಂದನ್ನು ಹಾಡಿ ತೋರಿಸಲಿ, ಯುವಕರು ಕ್ವಾಯರಿಗೆ ತಮ್ಮ ಹಾಡಿನ ಪಲ್ಲವಿ ಕಲಿಸಲಿ. ಆ ಪಲ್ಲವಿಗೆ ಆಲ್ಟೊ, ಟೆನರ್ ಭಾಗ ಬರೆದುಕೊಡಿ. ತಮಗೂ ಅಲ್ಲಿ ಮಾಡಲು ಏನೋ ಇದೆ ಎಂದು ಕಂಡಾಗ ಕ್ವಾಯರಿನವರ ಮುಖ ಅರಳುತ್ತದೆ.

ಇನ್ನು ಸಭೆಯನ್ನು ಎರಡು ಮಾಡುವ ವಿಚಾರ. ಜಾಗ ಸಾಲದಿದ್ದರೆ, ಭಾಷೆ ಬೇರೆಯಾದರೆ ಮಾಡಿ. ಸಂಗೀತದ ಕಾರಣಕ್ಕೆ ಬೇಡವೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಎಫೆಸದವರಿಗೂ ಕೊಲೊಸ್ಸೆಯವರಿಗೂ ಪೌಲನು ಬರೆದದ್ದು ಕೀರ್ತನೆಗಳಿಂದಲೂ ಸಂಗೀತಗಳಿಂದಲೂ ಆತ್ಮಸಂಬಂಧವಾದ ಪದಗಳಿಂದಲೂ ಒಬ್ಬರಿಗೊಬ್ಬರು ಮಾತನಾಡಿಕೊಳ್ಳಿರಿ, ಬುದ್ಧಿಹೇಳಿಕೊಳ್ಳಿರಿ ಎಂದು. ಹಾಡು ಅಲ್ಲಿ ದೇವರ ಕಡೆಗೂ ಹೋಗುತ್ತದೆ, ಪಕ್ಕದವರ ಕಡೆಗೂ ಹೋಗುತ್ತದೆ. ಹೆಂಡತಿಯನ್ನು ಮಣ್ಣು ಮಾಡಿದ ದಿನ ಹಾಡಿದ ಗೀತೆಯನ್ನು ಒಬ್ಬ ಮುದುಕರು ಕಣ್ಣುಮುಚ್ಚಿ ಹಾಡುವುದನ್ನು ಹದಿನೈದರ ಹುಡುಗಿ ನೋಡಬೇಕು. ಆ ಹುಡುಗಿ ಈಚೆಗೆ ಕಲಿತ ಹಾಡನ್ನು ಕೈಯೆತ್ತಿ ಹಾಡುವಾಗ ಆ ಮುದುಕರು ಅಲ್ಲಿರಬೇಕು. ಬೆಳಿಗ್ಗೆ ಎಂಟಕ್ಕೆ ಒಬ್ಬರು, ಹತ್ತಕ್ಕೆ ಇನ್ನೊಬ್ಬರು ಬಂದರೆ ಅದು ನಡೆಯುವುದೇ ಇಲ್ಲ. ಹಾಗೆ ಬೇರ್ಪಟ್ಟವರನ್ನು ಮತ್ತೆ ಕೂಡಿಸುವುದು ಬೇರ್ಪಡಿಸಿದ್ದಕ್ಕಿಂತ ಬಹಳ ಕಷ್ಟ.

ಹಕ್ಕುಸ್ವಾಮ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ವಾಟ್ಸ್, ವೆಸ್ಲಿ, ನ್ಯೂಟನ್ ಇವರ ಮೂಲ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಡ. ಅದರ ಹೊಸ ಅನುವಾದ, ಹೊಸ ರಾಗ, ಸೇರಿಸಿದ ಪಲ್ಲವಿ, ಹೊಸ ವಾದ್ಯ ಸಂಯೋಜನೆ ಇವಕ್ಕೆ ಬೇರೆ ಒಡೆಯರಿರಬಹುದು. ಆರಾಧನೆಯಲ್ಲಿ ಹಾಡುವುದು ಒಂದು, ಸಾಹಿತ್ಯವನ್ನು ಪ್ರತಿ ತೆಗೆಯುವುದು, ಪರದೆಗೆ ಹಾಕುವುದು, ನೇರಪ್ರಸಾರ ಮಾಡುವುದು ಬೇರೆ. 1988ರಿಂದ ಸಿಸಿಎಲ್‌ಐ ಎಂಬ ಸಂಸ್ಥೆ ಸಭೆಗಳಿಗೆ ಇಂಥ ಪರವಾನಗಿ ಕೊಡುತ್ತಿದೆ. ನಿಮ್ಮ ಹಾಡುಗಳು ಅದರಡಿ ಬರುತ್ತವೆಯೇ ನೋಡಿಕೊಳ್ಳಿ.

ಸಮಿತಿಯ ಮುಂದೆ ಹೋಗುವಾಗ ನಿಯಮ ರದ್ದುಮಾಡಿ ಎಂದು ಕೇಳಬೇಡಿ. ಮೂರು ತಿಂಗಳು ಅದನ್ನು ತಡೆಹಿಡಿಯಿರಿ ಎಂದು ಕೇಳಿ. ಆ ಮೂರು ತಿಂಗಳ ಪ್ರತಿ ಭಾನುವಾರದ ಹಾಡುಗಳ ಪಟ್ಟಿಯಲ್ಲಿ ಹಾಡಿನ ಪಕ್ಕಕ್ಕೆ ಅದು ಯಾವ ಕೆಲಸಕ್ಕೆ, ಯಾವ ಸ್ಕೇಲಿನಲ್ಲಿ ಎಂದು ಬರೆದು ಒಂದು ವಾರ ಮೊದಲೇ ಸಭಾಪಾಲಕರಿಗೂ ಕ್ವಾಯರಿಗೂ ಬ್ಯಾಂಡಿಗೂ ಕೊಡಿ. ಹಾಡುವಾಗ ತಂಡದ ಒಬ್ಬರು ವೇದಿಕೆ ಬಿಟ್ಟು ಹಿಂದಿನ ಸಾಲಿನಲ್ಲಿ ನಿಂತು, ಯಾವ ಹಾಡಿಗೆ ಸಭೆಯ ದನಿ ಎದ್ದಿತು, ಎಲ್ಲಿ ಬಿದ್ದಿತು ಎಂದು ಗುರುತು ಹಾಕಿಕೊಳ್ಳಲಿ. ಮೂರು ತಿಂಗಳ ನಂತರ ಸಮಿತಿಯವರು ಆ ಗುರುತುಗಳನ್ನು ನೋಡಿ ತೀರ್ಮಾನಿಸಲಿ.